ಅಪ್ಪನ ಅಂಗಾಲು

ಬನಹಟ್ಟಿಯ ನಮ್ಮ ಮನೆಯಲ್ಲಿ ಕೆಳಗೆ ನಾಲ್ಕು ಪವರ್‌ಲೂಮ್, ಮೇಲೆ ನಾವು. ಆ ಖಟಪಟದ ನಡುವೆ ಮಾತು ಕಿವಿ ಮುಟ್ಟುವುದಿಲ್ಲ. ಎದುರಿನವರ ತುಟಿ ನೋಡಿ ಉತ್ತರ ಕೊಡುವುದು ನಮ್ಮಲ್ಲಿ ಎಲ್ಲರಿಗೂ ರೂಢಿ. ಹೀಗೆ ತುಟಿ ನೋಡಿ ನೋಡಿಯೇ ನಾನು ಅಣಕ ಮಾಡುವವನಾದೆ. ಪೂಜಾರಿ, ಮಾಸ್ತರ, ಕಂಡಕ್ಟರ್, ಯಾರನ್ನೂ ಬಿಟ್ಟಿಲ್ಲ. ನನ್ನ ಒಡಕು ದನಿಯನ್ನಂತೂ ಬೇರೆಯವರು ಆಡಿಕೊಳ್ಳುವ ಮೊದಲು ನಾನೇ ಆಡಿಕೊಂಡು ಮುಗಿಸುತ್ತೇನೆ. ಅಪ್ಪ, "ಲೇ, ಅವಂದ ಒಂಚೂರು ಮಾಡಿ ತೋರಸು," ಎನ್ನುವನು. ಎಲ್ಲರಿಗಿಂತ ಮೊದಲು ನಗುವವನೂ ಅವನೇ.

ಹೋದ ವರ್ಷ ಜಮಖಂಡಿಯ ಕಿವಿ ಡಾಕ್ಟರು ಅಪ್ಪನನ್ನು ನೋಡಿ, ಹೋದದ್ದು ಹೋಯಿತು, ಉಳಿದದ್ದಾದರೂ ಉಳಿಯಬೇಕಾದರೆ ಮಗ್ಗದ ಸದ್ದಿನಿಂದ ದೂರ ಇಡಿ ಅಂದರು. ದೂರ ಎಲ್ಲಿಡುವುದು? ಎಡಕ್ಕೆ ಮಗ್ಗ, ಬಲಕ್ಕೆ ಮಗ್ಗ, ಕೆಳಗಂತೂ ನಮ್ಮದೇ. ತಿಂಗಳುಗಟ್ಟಲೆ ಯೋಚಿಸಿ, ಮೇಲಿನ ಮೂಲೆಯ ಕೋಣೆಗೆ ಸದ್ದು ಬರದಂತೆ ಮಾಡಿಸಲು ಹೊರಟೆವು.

ಲೋಕಾಪುರದಿಂದ ಮಿಸ್ತ್ರಿ ಬಂದ. ಪ್ರತಿ ಮಾತಿಗೂ ಮೂಗಿನಿಂದ "ಹ್ಞಾಂ" ಎಳೆಯುತ್ತಿದ್ದ; ನನಗೆ ಹಬ್ಬ. ಗೋಡೆಗೆ ದಪ್ಪ ಸ್ಪಂಜು ಬಡಿದ, ಕಿಟಕಿಗೆ ಎರಡು ಗಾಜು ಕೂರಿಸಿದ, ಬಾಗಿಲ ಸಂದಿಗೆ ರಬ್ಬರು ಅಂಟಿಸಿದ. ಆಮೇಲೆ ಅಪ್ಪನನ್ನು ಒಳಗೆ ಕರೆದ.

"ಹ್ಞಾಂ ಕಾಕಾರ, ಈಗ ಹೆಂಗ್ರಿ?"

ಅಪ್ಪ ಬರಿಗಾಲಲ್ಲಿ ಕೋಣೆಯ ನಡುವೆ ನಿಂತ. "ಬರಾಕತ್ತೈತಿ. ಮೂರನೇ ಮಗ್ಗ ನಿಂತೈತಿ, ಉಳಿದವು ಬರಾಕತ್ತಾವು."

ಇಳಿದು ನೋಡಿದೆ. ನೂಲು ಹರಿದು ಮೂರನೆಯದು ನಿಂತಿತ್ತು.

"ಕಿವಿ ಭಾಳ ಚುರುಕ ಅದಾವ ಬಿಡ್ರಿ," ಎಂದ ಮಿಸ್ತ್ರಿ. ಅವ್ವ ದೇವರ ಕಡೆ ಕೈಮುಗಿದಳು.

ಸದ್ದು ನೆಲದಿಂದ ಏರುತ್ತಿದೆ ಎಂದಾಯಿತು. ನೆಲಕ್ಕೆ ರಬ್ಬರು ಹಾಸಿ, ಗೋಡೆಗೆ ತಾಗದಂತೆ ಪ್ಲೈವುಡ್ ಕೂರಿಸಿ, ಮೇಲೊಂದು ಮೆತ್ತನೆಯ ಕಾರ್ಪೆಟ್ಟು. ವಾರ ಹಿಡಿಯಿತು. ಅಪ್ಪ ಮತ್ತೆ ಬಂದು ನಿಂತ, ಕಣ್ಣು ಮುಚ್ಚಿದ.

"ನಿಂತತು. ಎಲ್ಲಾ ನಿಂತತು. ಛಲೋ ಕೆಲಸ ಮಾಡೀಯಪಾ."

ಮಿಸ್ತ್ರಿ ಎದೆಯುಬ್ಬಿಸಿದ. ನಾನು ಅವ್ವನ ಮುಖ ನೋಡಿದೆ. ಸದ್ದು ಇಳಿದಿತ್ತು, ನಿಂತಿರಲಿಲ್ಲ. ನಾಲ್ಕೂ ಮಗ್ಗಗಳು ಆಚೆ ಓಣಿಯಲ್ಲಿದ್ದಂತೆ ಖಟಪಟ ಅನ್ನುತ್ತಲೇ ಇದ್ದವು.

"ನಿನಗ ಕೇಳತೈತೇನಬೇ?"

"ಕೇಳತೈತಲ್ಲೋ," ಎಂದಳು ಅವ್ವ.

ಅಪ್ಪ ಇನ್ನೂ ಕಣ್ಣು ಮುಚ್ಚಿಯೇ ಇದ್ದ. ನಾನು ಅವನ ಬೆನ್ನ ಹಿಂದೆ ಹೋಗಿ, ಮಿಸ್ತ್ರಿಯ ಎದುರಿಗೇ ಮಿಸ್ತ್ರಿಯ ದನಿಯಲ್ಲಿ, "ಹ್ಞಾಂ ಕಾಕಾರ, ಹೆಂಗ್ರಿ?" ಎಂದು ಗಟ್ಟಿಯಾಗಿ ಕೂಗಿದೆ. ಅಪ್ಪ ತಿರುಗಲಿಲ್ಲ. ಇನ್ನೊಮ್ಮೆ ಕೂಗಿದೆ. ಮಿಸ್ತ್ರಿ ಸಿಟ್ಟಾಗಬೇಕಿತ್ತು, ತಲೆ ತಗ್ಗಿಸಿ ಕಾರ್ಪೆಟ್ಟಿನ ಮೇಲಿದ್ದ ಅಪ್ಪನ ಪಾದ ನೋಡಿದ. ಮೂರನೇ ಮಗ್ಗ ನಿಂತದ್ದನ್ನು ಹೇಳಿದ್ದು ಆ ಪಾದಗಳು. ನಾವು ಕಾಪಾಡಲು ಹೊರಟ ಕಿವಿಯಲ್ಲಿ ಏನೂ ಉಳಿದಿರಲಿಲ್ಲ. ಯಾವಾಗ ಹೋಯಿತೋ, ತುಟಿ ನೋಡಿ ಮಾತಾಡುವ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅಪ್ಪ ಕಣ್ಣು ತೆರೆದು ಈ ಕಡೆ ತಿರುಗಿದ. "ಯಾಕ, ಎಲ್ಲಾರೂ ಮಾರಿ ಸಣ್ಣದ ಮಾಡೀರಿ? ಲೇ, ಮಿಸ್ತ್ರೀದ ಒಂದ ಮಾಡಿ ತೋರಸು."

ತೋರಿಸು. ಕೇಳಿಸು ಎಂದು ಅವನು ಯಾವತ್ತೂ ಅಂದಿರಲಿಲ್ಲ.

ದನಿ ಹೊರಡಿಸದೆ ಮೂಗು ಏರಿಸಿದೆ, ತುಟಿ ಎಳೆದೆ, ಬರೀ ಬಾಯಿ ಅಲ್ಲಾಡಿಸಿದೆ.

ಎಲ್ಲರಿಗಿಂತ ಮೊದಲು ಅಪ್ಪ ನಕ್ಕ.