ಹುಡುಕಾಟವನ್ನು ಅಂಗೈಗೆ ಇಳಿಸುವ ಬುರುಲ್

ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್ ಮೇಲೆ ಇನ್ನೂ ಕಲ್ಲಿದ್ದಲ ಹೊಗೆ. ಬೆಳಗಿನ ಮೊದಲ ಮಿನಿಬಸ್ಸಿನಲ್ಲಿ ಸೀಟುಗಳು ಖಾಲಿ ಇದ್ದರೂ ಬುರುಲ್ ನಿಂತೇ ಇದ್ದಾರೆ. ಎಡಗೈ ಮೇಲಿನ ಕಂಬಿ ಹಿಡಿದಿದೆ. ಬಲಗೈಯಲ್ಲಿ ಅಂಗೈಯಗಲದ ಗೇಮ್ ಯಂತ್ರ. ಅದರ ಬಟನ್‌ಗಳ ಮೇಲೆ ಹೆಬ್ಬೆರಳೊಂದೇ ಓಡಾಡುತ್ತಿದೆ. ಬಸ್ಸು ಕುಲುಕಿದಾಗ ಪರದೆಯ ಮೇಲಿನ ಪುಟ್ಟ ಹುಡುಗಿ ಗೋಡೆಗೆ ಡಿಕ್ಕಿ ಹೊಡೆಯುತ್ತಾಳೆ.

"ಕೂತ್ಕೊಳ್ಳಿ ಎಜೆ, ಸೀಟಲ್ಲೇನು ಮುಳ್ಳಿದ್ಯಾ?" ಚಾಲಕ ತೆಮಿರ್ ಕನ್ನಡಿಯಲ್ಲಿ ನೋಡುತ್ತಾ ಛೇಡಿಸುತ್ತಾನೆ. ಅಕ್ಕನ ವಯಸ್ಸಿನ ಬುರುಲ್ ಅವನಿಗೆ ಎಜೆ.

"ಮನೇಲಿ ಕೂತು ಆಡಿದ್ರೆ ಎಲ್ಲಾ ಸರಿಯಾಗೇ ಇರತ್ತೆ ತಮ್ಮಾ. ಕುಲುಕಿದ್ರೇನೇ ತಪ್ಪು ಕಾಣೋದು. ರಸ್ತೇಲಿ ಒಂದು ಗುಂಡೀನೂ ಬಿಡದ ಹಾಗೆ ಓಡಿಸು."

"ಅದನ್ನ ನಂಗೆ ಹೇಳ್ಕೊಡ್ಬೇಕಾ!"

ಮೌಸ್ ಹಿಡಿದು ಆಡುತ್ತಿದ್ದ ಹಳೆಯ ಸಾಹಸದ ಆಟಗಳನ್ನು ಆರೇ ಬಟನ್‌ಗಳ ಯಂತ್ರಕ್ಕೆ ಹೊಂದಿಸುವುದು ಬುರುಲ್ ಅವರ ಕೆಲಸ. ನಾಲ್ಕು ಬಟನ್ ದಿಕ್ಕಿಗೆ, ಒಂದು ಮುಟ್ಟಲು, ಒಂದು ಬಿಡಲು. ದೂರದೇಶದ ಕಂಪನಿಗಳಿಗೆ ಮಾಡಿಕೊಡುತ್ತಾ ಹದಿನೈದು ವರ್ಷ ಕಳೆದಿದೆ. ಆಟದ ಕೊನೆಯಲ್ಲಿ ಸಾಲುಗಟ್ಟಿ ಬರುವ ಹೆಸರುಗಳಲ್ಲಿ ಅವರದಿಲ್ಲ. ಒಂಬತ್ತನೇ ಮಹಡಿಯ ಕೋಣೆಯಲ್ಲಿ ಒಬ್ಬರೇ ಕೂತು ಪರದೆಯ ಮೇಲಿನ ಒಂದೇ ಬಾಗಿಲನ್ನು ದಿನಕ್ಕೆ ನೂರಾರು ಸಲ ತೆಗೆದು ಮುಚ್ಚುತ್ತಾರೆ. ಚಹಾ ಬಗ್ಗಿಸುವುದು ಒಂದೇ ಬಟ್ಟಲಿಗೆ.

"ಎಲ್ಲಾ ಗುಟ್ಟೂ ಮೊದಲೇ ಗೊತ್ತಿರತ್ತೆ. ಹಾಗಾಗಿ ನಂಗೆ ಯಾವ ಆಟದಲ್ಲೂ ದಾರಿ ತಪ್ಪೋ ಭಾಗ್ಯ ಇಲ್ಲ," ಎನ್ನುತ್ತಾರೆ. "ಬೇರೆ ಯಾರಾದ್ರೂ ತಪ್ಪೋದನ್ನ ಎದುರಿಗೆ ಕೂತು ನೋಡ್ಬೇಕು. ಒಂದೇ ಒಂದ್ಸಲ."

ಈಗ ಅವರ ಕೈಯಲ್ಲಿರುವುದು ಯಾವ ಕಂಪನಿಯದೂ ಅಲ್ಲ. 'ಖಾಲಿ ಹಟ್ಟಿ' ಎಂಬ ಈ ಆಟವನ್ನು ಮೂವತ್ತು ವರ್ಷಗಳ ಹಿಂದೆ ಕಿರ್ಗಿಜ್ ಭಾಷೆಯಲ್ಲಿ ಕಟ್ಟಿದವರು ಅವರ ಶಾಲೆಯ ಗಣಿತದ ಮೇಷ್ಟ್ರು ಅಸಿಲ್‌ಬೆಕ್. ಹಿಮ ಬಿದ್ದ ಹಟ್ಟಿಯಲ್ಲಿ ಒಬ್ಬಳೇ ಉಳಿದ ಹುಡುಗಿ ಚಳಿಗಾಲ ಕಳೆಯಲು ಬೇಕಾದ್ದನ್ನೆಲ್ಲ ಹುಡುಕಿಕೊಳ್ಳಬೇಕು. ಅದು ಓಡುತ್ತಿದ್ದ ಕಂಪ್ಯೂಟರುಗಳು ಒಂದೊಂದಾಗಿ ಕೆಟ್ಟುಹೋದವು. ಹೊಸ ಯಂತ್ರಕ್ಕೆ ಬರದಿದ್ದರೆ ಆಟವೂ ಹೋದಂತೆ. ಬರಬೇಕೆಂದರೆ ಮೇಷ್ಟ್ರು ಒಪ್ಪಬೇಕು.

ವಸಂತದಲ್ಲಿ ಅವರು ಒಪ್ಪಲಿಲ್ಲ. ಮೌಸ್ ಇಲ್ಲದ ಕಾರಣ ಬುರುಲ್ ಆಗ ಎಲ್ಲರೂ ಮಾಡುವುದನ್ನೇ ಮಾಡಿದ್ದರು: ಬಟನ್ ಒತ್ತಿದರೆ ಪರದೆಯ ಮೇಲಿನ ಬಾಣದ ಗುರುತು ವಸ್ತುವಿನಿಂದ ವಸ್ತುವಿಗೆ ನೆಗೆಯುತ್ತಿತ್ತು. ಮೊದಲ ಕೋಣೆಯಲ್ಲೇ ಅದು ಒಲೆ, ಕೊಡ, ಬಾಗಿಲು ದಾಟಿ ನೇರ ಹೋಗಿ ಕಂಬಳಿಯಡಿ ಬಚ್ಚಿಟ್ಟ ಗಂಟೆಯ ಮೇಲೆ ಕೂತಿತು. ಅಸಿಲ್‌ಬೆಕ್ ಯಂತ್ರವನ್ನು ಅಲ್ಲೇ ವಾಪಸು ಕೊಟ್ಟರು. "ಹುಡುಕೋದೇ ಆಟ ಕಣಮ್ಮ. ನೀನು ತೋರಿಸ್ಬಿಟ್ಟೆ!"

ಬೇಸಿಗೆಯಿಡೀ ಯೋಚಿಸಿ ಬುರುಲ್ ಬಾಣವನ್ನೇ ಕಿತ್ತುಹಾಕಿದ್ದಾರೆ. ಈಗ ನಡೆಯುವುದು ಹುಡುಗಿ. ಬಚ್ಚಿಟ್ಟ ವಸ್ತುವಿನ ಪಕ್ಕ ಹಾದುಹೋಗುವಾಗ ಅವಳ ತಲೆ ಚೂರೇ ಚೂರು ಅತ್ತ ಹೊರಳುತ್ತದೆ. ಗಮನಿಸಿದವರಿಗೆ ಸಿಗುತ್ತದೆ, ಇಲ್ಲದವರಿಗೆ ಇಲ್ಲ.

ದಿನವೂ ಕೊನೆಯ ನಿಲ್ದಾಣದಿಂದ ಅದೇ ಬಸ್ಸಿನಲ್ಲಿ ಮರಳುವ ಬುರುಲ್ ಇಂದು ಇಳಿಯುತ್ತಾರೆ. "ಅರೆ, ನಿಮಗೂ ಹೋಗೋ ಜಾಗ ಅಂತ ಒಂದಿದ್ಯಾ?" ತೆಮಿರ್‌ಗೆ ಅಚ್ಚರಿ.

ಅಸಿಲ್‌ಬೆಕ್ ಮನೆಯಲ್ಲಿ ಚಹಾ, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳಾದ ಬೋರ್ಸೋಕ್. ಎರಡೂ ಕೈಗಳಲ್ಲಿ ಮೇಷ್ಟ್ರು ಯಂತ್ರ ಹಿಡಿಯುತ್ತಾರೆ. ಮೊದಲ ಕೋಣೆಯ ಗಂಟೆ ಅವರಿಗೆ ನೆನಪಿದೆ. ಹುಡುಗಿ ತಲೆ ಹೊರಳಿಸುವುದನ್ನು ನೋಡಿ "ಹೂಂ" ಎನ್ನುತ್ತಾರೆ, ಅಷ್ಟೇ. ಎರಡನೇ ಕೋಣೆಯಲ್ಲಿ ಬೆಂಕಿಪೊಟ್ಟಣ ಬೇಕು. ಒಂದು ಸುತ್ತು, ಎರಡು ಸುತ್ತು. ಚಹಾ ಆರುತ್ತದೆ.

"ಎಲ್ಲಿಟ್ಟಿದೀಯ ಇದನ್ನ?"

"ನೀವಿಟ್ಟಲ್ಲೇ ಇದೆ, ಆಗಾಯ್." ಗುರುಗಳನ್ನು ಬುರುಲ್ ಇಂದಿಗೂ ಹಾಗೇ ಕರೆಯುತ್ತಾರೆ.

"ಮರೆತುಹೋಗಿದೆಯಲ್ಲ, ಮಾರಾಯ್ತಿ!"

ಹೇಳಲು ನಾಲಿಗೆ ತುದಿಗೆ ಬಂದದ್ದನ್ನು ಬುರುಲ್ ಬೋರ್ಸೋಕ್ ಕಚ್ಚಿ ತಡೆಯುತ್ತಾರೆ. ಮೇಷ್ಟ್ರು ಪರದೆಗೆ ಮೂಗು ತಾಗಿಸುತ್ತಾರೆ. "ತಡಿ ತಡಿ... ಕುದುರೆ ಜೀನಿನ ಹತ್ರ ಇವಳು ಏನೋ ನೋಡಿದ್ಲು." ಹಿಂದೆ ಬರುತ್ತಾರೆ. ಒತ್ತುತ್ತಾರೆ. ಪರದೆಯ ಮೇಲೆ ಪುಟ್ಟದೊಂದು ಬೆಂಕಿ ಹೊತ್ತಿಕೊಳ್ಳುತ್ತದೆ.

ಅಸಿಲ್‌ಬೆಕ್ ತಲೆಯೆತ್ತುವುದಿಲ್ಲ. "ಎಲ್ಲರಿಗೂ ಕೊಡು, ಹೋಗು. ಈ ಯಂತ್ರ ಮಾತ್ರ ಇಲ್ಲಿರ್ಲಿ. ಮುಂದಿನ ಕೋಣೇದು ಹೇಳ್ಬೇಡ."

ವಾಪಸು ಬರುವಾಗ ಬುರುಲ್ ಸೀಟಿನಲ್ಲಿ ಕೂತಿದ್ದಾರೆ, ಎರಡೂ ಕೈ ಮಡಿಲಲ್ಲಿ.

"ಏನೆಜೆ, ಇವತ್ತು ಆಟ ಇಲ್ವಾ?"

"ಇದೆ," ಎನ್ನುತ್ತಾರೆ. "ಬೇರೆಯವ್ರು ಆಡ್ತಿದಾರೆ."