ಆಟಿಯಲ್ಲಿ ನಿಂತ ರೈಲು

ಐತಪ್ಪಣ್ಣನ ರೈಲನ್ನು ತಡೆದವರು ನೀವಲ್ಲ ಕಮಲಕ್ಕ — ನಾನು. ಮಾತು ನಿಮ್ಮ ಬಾಯಿಂದ ಬಂತು, ನಿಜ. ಆದರೆ ಅದನ್ನು ನಿಮ್ಮ ಬಾಯಿಗೆ ಇಟ್ಟುಕೊಟ್ಟವನು ನಾನು. ಹತ್ತು ಹನ್ನೆರಡು ವರ್ಷ ಆಗಿಹೋಯಿತು. ಅಷ್ಟೂ ಕಾಲ ನೀವು "ನಾನೊಬ್ಬಳು ಮೂಢೆ, ಗಂಡನ ಒಂದು ಆಸೆಗೆ ಅಡ್ಡ ನಿಂತೆ" ಎಂದು ಎದೆಗೆ ಬಡಿದುಕೊಳ್ಳುತ್ತ ಬಂದಿರಿ. ನಾನು ಎದುರಿಗೇ ಕೂತು ನೀವು ಬಡಿಸಿದ ಗಂಜಿ ಉಂಡೆ. ಅದು ಒಂದು ದಿನವಾದರೂ ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳಬೇಕಿತ್ತು. ಸಿಕ್ಕಿಕೊಳ್ಳಲಿಲ್ಲ. ರುಚಿಯಾಗಿಯೇ ಇತ್ತು.

ನಿಮಗೆ ಓದಲು ಬರುವುದಿಲ್ಲ. ಅದಕ್ಕೇ ಬರೆಯುವ ಧೈರ್ಯ ಬಂದಿದೆ — ಎಂಥ ಧೈರ್ಯ ನೋಡಿ! ಆದರೂ ಬರೆಯುತ್ತೇನೆ. ನಾಲಿಗೆಗೆ ಅಭ್ಯಾಸವಾಗಲಿ ಎಂದು ಮೊದಲು ಕೈಗೆ ಅಭ್ಯಾಸ ಮಾಡಿಸುತ್ತಿದ್ದೇನೆ.

ಬಿಳಿ ದೊರೆಗಳು ಊರು ಬಿಟ್ಟು ಹೋಗುತ್ತಿದ್ದ ಕಾಲ ಅದು. ಕಾಸರಗೋಡು ಸ್ಟೇಷನ್ನಿನ ಹತ್ತಿರ ನನ್ನ ಗ್ಯಾಸ್‌ಲೈಟ್, ಸ್ಟವ್ ರಿಪೇರಿಯ ಅಂಗಡಿ. ಅಟ್ಟದ ಮೇಲೆಯೇ ವಾಸ. ಬಾಪ ಮೊದಲೇ ಇರಲಿಲ್ಲ, ಉಮ್ಮ ತೀರಿಕೊಂಡು ಒಂದು ವರ್ಷವೂ ಆಗಿರಲಿಲ್ಲ. ಒಂದು ದಿನ ಐತಪ್ಪಣ್ಣ ಗೋಣಿಚೀಲ ಹೊತ್ತು ಬಂದು, ಅಂಗಡಿಯ ಮೇಜಿನ ಮೇಲೆ ಒಂದು ಆಟಿಕೆ ಇಂಜಿನು ಇಟ್ಟರು. ಒಂದು ಮೊಳ ಉದ್ದ. ಬಣ್ಣ ಎದ್ದಿದೆ, ಒಂದು ಚಕ್ರ ಸೊಟ್ಟ. ಮಂಗಳೂರಿನ ಯಾವುದೋ ದೊರೆಯ ಬಂಗಲೆಯ ಸಾಮಾನು ಹರಾಜಿನಲ್ಲಿ ಹಿಡಿದದ್ದಂತೆ.

"ಇದು ಓಡ್ಬೇಕು" ಎಂದರು.

"ಒಳಗೆ ಸ್ಪ್ರಿಂಗ್ ತುಂಡಾಗಿದೆ ಅಣ್ಣಾ, ಬೇರೆ ಹಾಕಿ ಕೀಲಿ ಕೊಟ್ರೆ ಓಡ್ತದೆ."

"ಕೀಲಿ ಕೊಟ್ಟು ಓಡುವುದು ಗಡಿಯಾರ ಮಾರಾಯ! ನಾನು ರೈಲಿನ ಡ್ರೈವರು. ಆವಿಯಲ್ಲಿ ಓಡಿಸ್ಲಿಕ್ಕೆ ಆಗ್ತದಾ ಹೇಳು, ಇಲ್ಲಾಂದ್ರೆ ಚೀಲ ಕಟ್ಟು."

ಆಗುತ್ತದೆ ಎಂದು ಬಡಾಯಿ ಕೊಚ್ಚಿದೆ. ಹಾಗೆ ಶುರುವಾದದ್ದು ನಿಮ್ಮ ಊರು ಶಿರಿಯಕ್ಕೆ ನನ್ನ ಓಡಾಟ. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ, ಇಂಜಿನನ್ನು ಕಂಕುಳಲ್ಲಿ ಇಟ್ಟುಕೊಂಡು ರೈಲು ಹತ್ತಿ ಇಳಿದು, ಹೊಳೆಯ ಬದಿಯಲ್ಲೇ ನಡೆದು ನಿಮ್ಮ ಮನೆಗೆ. ಕೀಲಿಯ ಹೊಟ್ಟೆಯನ್ನೆಲ್ಲ ಕಿತ್ತೆಸೆದೆವು. ಹಿತ್ತಾಳೆ ಕೊಳವೆಯ ಎರಡು ತುದಿ ಮುಚ್ಚಿ, ಅಕ್ಕಸಾಲಿಗನ ಕೈಯಲ್ಲಿ ಬೆಳ್ಳಿ ಬೆಸುಗೆ ಹಾಕಿಸಿ ಬಾಯ್ಲರು ಮಾಡಿದೆವು. ಸ್ಟವ್ವಿನ ಹಳೆಯ ಪಂಪುಗಳು ಸಿಲಿಂಡರಾದವು. ಕೊಬ್ಬು ಹಚ್ಚಿದ ಹತ್ತಿನೂಲು ಸುತ್ತಿ ಆವಿ ಸೋರದ ಹಾಗೆ ಮಾಡಿದೆವು. ಕೆಳಗೆ ಸ್ಪಿರಿಟ್ಟಿನ ದೀಪ.

ನಿಮ್ಮ ಅಂಗಳದ ಹಳಿಗಳಿಗೆ ಬೂತಾಯಿ ಮೀನಿನ ಎಣ್ಣೆಯ ಪೀಪಾಯಿಗಳ ಕಬ್ಬಿಣದ ಪಟ್ಟಿಗಳು ಬಂದವು. ದೋಣಿ ಕಟ್ಟುವವರು ಬಿಸಾಡಿದ ಹಲಸಿನ ತುಂಡುಗಳಲ್ಲಿ ಗರಗಸದಿಂದ ಗೀರು ಹಾಕಿ, ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಹಳಿ. ಆದರೆ ಅಂಗಳದ ಹೊಯ್ಗೆ ಮರಳಿನಲ್ಲಿ ಕಿರಿದಾದ ಹಳಿ ನಿಲ್ಲಲೊಲ್ಲದು, ಇಂಜಿನು ತಿರುವಿನಲ್ಲಿ ಮಗ್ಗುಲಾಗುತ್ತಿತ್ತು. ಹಳಿ ಅಗಲ ಮಾಡಿದೆವು, ಅದಕ್ಕೆ ಸರಿಯಾಗಿ ಇಂಜಿನಿನ ಅಚ್ಚುಗಳನ್ನೂ ಉದ್ದ ಮಾಡಿದೆವು. ಬಾವಿಕಟ್ಟೆಗೆ ಒಂದು ಸುತ್ತು, ಎರಡು ತೆಂಗಿನ ಮರಗಳ ನಡುವೆ ನುಸುಳಿ, ಅಡಿಗೆಮನೆಯ ಮೆಟ್ಟಿಲಿನ ಬಳಿ ಸ್ಟೇಷನ್ನು.

ಆ ದಿನಗಳಲ್ಲಿ ನೀವು ನಿಮ್ಮ ಊದುಗೊಳವೆಗಾಗಿ ಇಡೀ ಮನೆ ಹುಡುಕಿದಿರಲ್ಲ, ನೆನಪುಂಟಾ? ಒಲೆಯ ಮುಂದೆ ಕೂತು ಬಾಯಲ್ಲೇ ಊದಿ ಊದಿ ಕಣ್ಣು ಕೆಂಪು ಮಾಡಿಕೊಂಡು ಹೊರಗೆ ಬಂದರೆ — ಅದು ಇಂಜಿನಿನ ತಲೆಯ ಮೇಲೆ ಅರ್ಧ ತುಂಡಾಗಿ, ಹೊಗೆಕೊಳವೆಯಾಗಿ ನಿಂತಿತ್ತು. "ಅಯ್ಯೋ ಕಳ್ಳರಾ! ಇಬ್ಬರಿಗೂ ಇವತ್ತು ಗಂಜಿ ಇಲ್ಲ!" ಎಂದಿರಿ. ಐತಪ್ಪಣ್ಣ ನನ್ನ ಕಡೆ ಬೆರಳು ತೋರಿಸಿದರು, ನಾನು ಅವರ ಕಡೆ. ಗಂಜಿ ಕೊಟ್ಟಿರಿ, ಜೊತೆಗೆ ಒಣಮೀನಿನ ಚಟ್ನಿಯೂ. ಮೊದಮೊದಲು ನನಗೆ ಜಗಲಿಯಲ್ಲಿ ಬಡಿಸುತ್ತಿದ್ದಿರಿ; ಯಾವಾಗ ಅದು ಅಡಿಗೆಮನೆಯ ಹೊಸ್ತಿಲಿಗೆ ಬಂತೋ ನಮಗಿಬ್ಬರಿಗೂ ಗೊತ್ತಾಗಲಿಲ್ಲ. ನನ್ನನ್ನು "ಅದ್ರಾಮ" ಎನ್ನುವುದು ಬಿಟ್ಟು "ಅದ್ದು" ಎನ್ನತೊಡಗಿದಿರಿ. ಉಮ್ಮ ಹೋದ ಮೇಲೆ ನನ್ನನ್ನು ಹಾಗೆ ಮೊದಲು ಕರೆದವರು ನೀವೇ.

ಈಗ ನಿಮಗೆ ಆಗ ಗೊತ್ತಿಲ್ಲದ, ನನಗೆ ಮಾತ್ರ ಗೊತ್ತಿದ್ದ ಸಂಗತಿ. ಕಣ್ಣಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಐತಪ್ಪಣ್ಣನನ್ನು ಇಂಜಿನಿನಿಂದ ಇಳಿಸಿದ್ದರು — ಅದು ನಿಮಗೂ ಗೊತ್ತಿತ್ತು. ವಯಸ್ಸಾಯಿತು, ಕನ್ನಡಕ ಹಾಕಿದರೆ ಸರಿಯಾಗುತ್ತದೆ ಎಂದುಕೊಂಡಿದ್ದಿರಿ. ಆದರೆ ಆ ಮಳೆಗಾಲದ ಮೊದಲಲ್ಲಿ ನಾವಿಬ್ಬರೂ "ಸ್ಪಿರಿಟ್ ತರಲು" ಮಂಗಳೂರಿಗೆ ಹೋದೆವಲ್ಲ, ಹೋದದ್ದು ಕಣ್ಣಿನ ಡಾಕ್ಟರಲ್ಲಿಗೆ. ಒಳಗಿನ ನರ ಒಣಗುತ್ತಿದೆ, ಉಳಿದಿರುವ ದೃಷ್ಟಿಯೂ ಇನ್ನು ಹೆಚ್ಚು ಕಾಲ ಇರುವುದಿಲ್ಲ, ಮದ್ದಿಲ್ಲ ಎಂದರು ಡಾಕ್ಟರು. ವಾಪಸು ಬರುವಾಗ ಐತಪ್ಪಣ್ಣ ರೈಲಿನ ಕಿಟಕಿಗೆ ಹಣೆ ಒತ್ತಿ ಕೂತಿದ್ದರು.

"ಕಮಲನಿಗೆ ಹೇಳ್ಬೇಡ ಅದ್ದು. ಹೇಳಿದ್ರೆ ಅವಳು ಊಟ ಬಿಡ್ತಾಳೆ" ಎಂದರು. ಕಿಟಕಿಯಿಂದ ತಿರುಗದೆಯೇ ಮುಂದುವರಿಸಿದರು — "ನೋಡು, ಇಷ್ಟು ವರ್ಷ ಇಂಜಿನಿನ ಒಳಗೆ ನಿಂತೇ ಕಳೆದೆ. ನಾನು ಓಡಿಸುವ ಇಂಜಿನು ಹೊರಗಿಂದ ಹೇಗೆ ಕಾಣ್ತದೆ ಅಂತ ಒಂದು ದಿನ ನೋಡ್ಲಿಲ್ಲ. ಇದನ್ನಾದ್ರೂ ನೋಡ್ಬೇಕು. ಬೇಗ ಮುಗಿಸು ಮಾರಾಯ."

ಮುಗಿಸಿದೆ, ಕಮಲಕ್ಕ. ಆಟಿ ತಿಂಗಳು ಹಿಡಿದು ನಾಲ್ಕೈದು ದಿನಕ್ಕೆ ಅಂಗಡಿಯಲ್ಲಿ ಎರಡು ಇಟ್ಟಿಗೆಗಳ ಮೇಲೆ ಅದನ್ನು ಏರಿಸಿಟ್ಟು ದೀಪ ಹಚ್ಚಿದೆ. ಚಕ್ರಗಳು ಗಾಳಿಯಲ್ಲಿ ಗರಗರ ತಿರುಗಿದವು. ಒಬ್ಬನೇ ಕುಣಿದುಬಿಟ್ಟೆ. ಶುಕ್ರವಾರ ಹೊತ್ತು ತಂದೆ. ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಒಡೆಯುತ್ತದೆ ಎನ್ನುತ್ತಾರಲ್ಲ, ಮಳೆ ಬಿಟ್ಟು ಅಂಥ ಬಿಸಿಲು ಬಿದ್ದಿತ್ತು ಅವತ್ತು. ಐತಪ್ಪಣ್ಣ ಬಾವಿಕಟ್ಟೆಯ ಬಳಿ ಬಗ್ಗಿ, ಕಣ್ಣು ಕಿರಿದು ಮಾಡಿಕೊಂಡು ಹಳಿಯ ತುಕ್ಕು ಉಜ್ಜುತ್ತಿದ್ದರು. ನಾನು ಬಾಯ್ಲರಿಗೆ ನೀರು ಕೇಳಲು ಅಡಿಗೆಮನೆಗೆ ಬಂದೆ. ನೀವು ಚಾ ಕೈಗಿಡುತ್ತ ನಕ್ಕಿರಿ.

"ಅಂತೂ ಓಡ್ತದಾ? ಹಾಗಾದ್ರೆ ಇನ್ನು ನಿನಗೆ ಇಲ್ಲಿ ಎಂತ ಕೆಲಸ? ಮುಂದಿನ ಶುಕ್ರವಾರದಿಂದ ನನಗೆ ಒಂದು ಪಾವು ಅಕ್ಕಿ ಉಳೀತು!"

ತಮಾಷೆಯ ಮಾತು. ನೀವು ದಿನಾ ಆಡುವಂಥದ್ದು. ಆದರೆ ನಾನು ಅದನ್ನು ತಮಾಷೆಯಾಗಿ ಕೇಳಲಿಲ್ಲ. ಹೌದಲ್ಲ, ಕೆಲಸ ಮುಗಿದ ಮೇಲೆ ರಿಪೇರಿಯವನಿಗೆ ಅಂಗಳದಲ್ಲಿ ಏನು ಕೆಲಸ? ಶುಕ್ರವಾರ ಮಧ್ಯಾಹ್ನ ಆ ಅಟ್ಟದ ಮೇಲೆ ಒಬ್ಬನೇ — ಇಲ್ಲ, ಇದನ್ನು ನೆಪವಾಗಿ ಹೇಳಬಾರದು. ನನಗೆ ನಿಮ್ಮ ತಮ್ಮನ ಕತೆ ಗೊತ್ತಿತ್ತು. ಆಟಿಯಲ್ಲಿ ಯಾರು ಬೇಡವೆಂದರೂ ಕೇಳದೆ ಹೊಸ ದೋಣಿ ನೀರಿಗಿಳಿಸಿ, ಮರಳಿ ಬಾರದ ತಮ್ಮ. ನೀವೇ ಅತ್ತುಕೊಂಡು ನನಗೆ ಹೇಳಿದ್ದಿರಿ. ಅದು ಗೊತ್ತಿದ್ದೂ, ಚಾ ಊದುತ್ತ, ಏನೂ ಅರಿಯದವನ ಹಾಗೆ ಕೇಳಿದೆ:

"ಅಲ್ಲ ಕಮಲಕ್ಕ, ಇದು ಆಟಿ ಅಲ್ವಾ? ನಿಮ್ಮಲ್ಲಿ ಆಟಿಯಲ್ಲಿ ಹೊಸತು ಸುರು ಮಾಡ್ಲಿಕ್ಕೆ ಉಂಟಾ?"

ನಿಮ್ಮ ಮುಖ ಬಿಳಿಚಿದ್ದನ್ನು ನೋಡಿದೆ. ನೀವು ಸೌಟು ಕೈಯಲ್ಲಿ ಹಿಡಿದೇ ಅಂಗಳಕ್ಕೆ ಓಡಿದಿರಿ.

"ಬೇಡ ಮಾರಾಯ್ರೇ, ಇವತ್ತು ಓಡಿಸುವುದು ಬೇಡ. ಆಟಿ ಮುಗಿದು ಸೋಣ ಬರ್ಲಿ. ಬೆಂಕಿಯ ಕೆಲಸ, ನನಗೆ ಹೆದರಿಕೆ ಆಗ್ತದೆ."

"ಎಂತದು ನಿನ್ನದು! ಇದೇನು ದೋಣಿಯಾ ಮುಳುಗ್ಲಿಕ್ಕೆ?" ಐತಪ್ಪಣ್ಣ ರೇಗಿದರು. ನೀವು ಅಳತೊಡಗಿದಿರಿ. ಅವರು ನನ್ನ ಕಡೆ ತಿರುಗಿದರು — ನಾನು ನಿಂತಿದ್ದ ಕಡೆಗೆ ಸರಿಯಾಗಿ ಅಲ್ಲ, ಸ್ವಲ್ಪ ಆಚೆಗೆ. "ನೀನಾದ್ರೂ ಹೇಳು ಅದ್ದು."

ಅವರ ಕಣ್ಣಿನ ಗುಟ್ಟು ಒಡೆಯದೆಯೂ ಹೇಳಬಹುದಿತ್ತು. "ಆಟಿಕೆಗೆ ಎಂಥ ಆಟಿ ಕಮಲಕ್ಕ" ಎಂದು ನಗಾಡಿದ್ದರೆ ನೀವು ಒಪ್ಪುತ್ತಿದ್ದಿರಿ, ನನಗೆ ಗೊತ್ತು. ನಾನು ಹೇಳಿದ್ದು — "ಅಕ್ಕ ಹೇಳುವುದೂ ಸರಿ ಅಣ್ಣಾ. ಒಂದು ತಿಂಗಳಲ್ವಾ?"

ಅವರು ನಿಧಾನಕ್ಕೆ ಎದ್ದರು. ತುಕ್ಕು ಉಜ್ಜುತ್ತಿದ್ದ ಬಟ್ಟೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಅವರ ಕಣ್ಣಿಗೆ ಇನ್ನೊಂದು ತಿಂಗಳು ಉಂಟೋ ಇಲ್ಲವೋ ಎಂಬ ಸಂಶಯ ಆ ಅಂಗಳದಲ್ಲಿ ಅವರಿಗೂ ನನಗೂ ಮಾತ್ರ ಗೊತ್ತಿತ್ತು.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಮೊದಲ ರೈಲಿಗೇ ಬಂದಿದ್ದೆ. ನೀವು ಆ ದಿನ ಎಲ್ಲರೂ ಕುಡಿಯುವ ಪಾಲೆಮರದ ಕಷಾಯದ ಲೋಟ ಚಾಚಿದಿರಿ. ಐತಪ್ಪಣ್ಣನ ಕೈ ಲೋಟದ ಆಚೆ ಈಚೆ ತಡಕಾಡಿತು. ಕಹಿಗೆ ಹೆದರಿ ಆಟ ಆಡುತ್ತಿದ್ದಾರೆಂದು ನೀವು ಗದರಿದಿರಿ. ನಾನು ನಗಲಿಲ್ಲ, ಆದರೆ ಬಾಯಿ ಬಿಟ್ಟು ಹೇಳಲೂ ಇಲ್ಲ. ಇವತ್ತೇ ಓಡಿಸೋಣ ಎಂದರೆ ಅವತ್ತು ಯಾಕೆ ತಡೆದೆ ಎಂದು ಕೇಳುತ್ತೀರಲ್ಲ — ಅದರ ಹೆದರಿಕೆ.

ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ದಿನ ನೀವು ಇಂಜಿನಿಗೆ ಕುಂಕುಮ ಇಟ್ಟಿರಿ, ಕೇಪಳದ ಹೂ ಮುಡಿಸಿದಿರಿ. ದೀಪ ಹಚ್ಚಿದೆ. ಅದು ಎಷ್ಟು ಚಂದ ಓಡಿತು ಕಮಲಕ್ಕ! ಬಾವಿಯನ್ನು ಸುತ್ತಿ, ಮರಗಳ ನಡುವೆ ಬಿಳಿ ಹೊಗೆ ಬಿಟ್ಟುಕೊಂಡು, ಯಾರ ಹಂಗೂ ಇಲ್ಲದ ಹಾಗೆ. ನೀವು ಚಪ್ಪಾಳೆ ತಟ್ಟಿದಿರಿ. ಐತಪ್ಪಣ್ಣ ನೆಲದಲ್ಲಿ ಕೂತು ಹಳಿಯ ಮೇಲೆ ಅಂಗೈ ಇಟ್ಟಿದ್ದರು. "ಎಡದ ಸಿಲಿಂಡರು ಸ್ವಲ್ಪ ಸೋರ್ತದೆ" ಎಂದರು. ಇಂಜಿನು ಅವರ ಕೈಯ ಹತ್ತಿರಕ್ಕೇ ಬಂತು, ಕೈ ಕದಲಲಿಲ್ಲ. ನಾನು ಹಾರಿ ಇಂಜಿನನ್ನು ಎತ್ತಿಕೊಂಡೆ.

"ನಿಮಗೆ ಕಾಣ್ಲಿಲ್ವಾ?" ಎಂದಿರಿ ನೀವು. ಆಮೇಲೆ ಐತಪ್ಪಣ್ಣ ಎಲ್ಲವನ್ನೂ ಹೇಳಲೇಬೇಕಾಯಿತು. ಡಾಕ್ಟರು ಹೇಳಿದ್ದು, ಬೆಳಕು ನೆರಳಿನ ಹೊರತು ಏನೂ ಕಾಣದೆ ಹತ್ತು ದಿನವಾದದ್ದು. "ನಿಮ್ಮ ಆಸೆಯನ್ನು ನಾನು ಕೊಂದೆ, ನಾನೇ ತಡೆದೆ" ಎಂದು ನೀವು ಮೆಟ್ಟಿಲಿನ ಮೇಲೆ ಕುಸಿದಿರಿ. ಅವರು ನಿಮ್ಮ ತಲೆಯನ್ನು ಹುಡುಕಿ ಕೈ ಇಟ್ಟರು. "ಹೋಗ್ಲಿ ಬಿಡು, ಶಬ್ದ ಕೇಳಿತಲ್ಲ" ಎಂದರು. ನಾನು ಬಿಸಿ ಇಂಜಿನನ್ನು ಹಿಡಿದು ನಿಂತಿದ್ದೆ. ಕೈ ಸುಡುತ್ತಿತ್ತು, ಬಾಯಿ ತೆರೆಯಲಿಲ್ಲ.

ಮತ್ತೆ ಏನಾಯಿತು ಗೊತ್ತಲ್ಲ. ಕಣ್ಣಿಲ್ಲದವರಿಗೆ ಇಂಜಿನಿನ ಶಬ್ದ ಕೇಳಿಸಲು ಒಬ್ಬ ಬೇಕಾಯಿತು. ಅವರು ತೀರಿಹೋಗುವವರೆಗೆ, ಆಮೇಲೂ, ಪ್ರತಿ ಶುಕ್ರವಾರ ಬಂದೆ. "ನಮಗೆ ಮಗ ಇಲ್ಲದ ಕೊರತೆಯನ್ನು ಇವನು ತೀರಿಸಿದ" ಎಂದು ನೀವು ಊರಿಗೆಲ್ಲ ಹೇಳಿದಿರಿ. ನಾನು ಬಯಸಿದ್ದೆಲ್ಲ ನನಗೆ ಸಿಕ್ಕಿತು. ಇದನ್ನು ಬರೆಯುವಾಗ ನನಗೇ ನನ್ನ ಮೇಲೆ ಹೇಸಿಗೆ ಬರುತ್ತದೆ.

ಹೋದ ವಾರ ನೀವು ಚಾಪೆಯಿಂದ ಏಳಲಾರದೆ ಮಲಗಿದ್ದಿರಿ. ನನ್ನ ಕೈ ಹಿಡಿದು ಕೇಳಿದಿರಿ — "ಅದ್ದು, ಅಲ್ಲಿ ಹೋಗಿ ಅವರ ಮೋರೆ ನೋಡುವುದು ಹೇಗೆ ನಾನು? ಎಂತ ಹೇಳುವುದು?"

ಅವತ್ತೂ ನಾನು "ಅಂಥದ್ದೆಲ್ಲ ಯೋಚನೆ ಮಾಡ್ಬೇಡಿ ಅಕ್ಕ" ಎಂದು ಎದ್ದು ಬಂದೆ.

ನಾಳೆ ಶುಕ್ರವಾರ ಅಲ್ಲ. ಆದರೂ ಬರುತ್ತೇನೆ. ನೀವು ನನ್ನ ಮುಖ ನೋಡುವುದಿಲ್ಲವೆಂದು ಗೋಡೆಯ ಕಡೆ ತಿರುಗಿದರೆ ಬೆನ್ನಿಗೇ ಹೇಳುತ್ತೇನೆ. ಹೊರಗೆ ಹೋಗು ಎಂದರೆ ಬಾಗಿಲ ಹೊರಗೆ ನಿಂತು, ಒಳಗೆ ಕೇಳುವ ಹಾಗೆ ಹೇಳುತ್ತೇನೆ. ನನ್ನನ್ನು ಕ್ಷಮಿಸಿ ಎಂದು ಕೇಳಲಿಕ್ಕಲ್ಲ. ಅವರು ಅಲ್ಲಿ ಸಿಕ್ಕಿದಾಗ ನೀವು ತಲೆ ತಗ್ಗಿಸಬೇಡಿ ಕಮಲಕ್ಕ. ತಡೆದದ್ದು ಅದ್ದು ಎಂದು ಹೇಳಿ.