ಎರಡು ಮಂದೆಗೆ ಒಂದೇ ಕಿವಿಗುರುತು

ಮಕ್ಕಳೇ, ಆಗ ನಿಮ್ಮಮ್ಮ ಹೊಸದುರ್ಗದ ನಮ್ಮ ಮನೆಯಲ್ಲೇ ಕೂತು, ಬಾಗೂರು ಕಡೆಯ ಕಂಬಳಿ ನೇಯುವ ಹೆಂಗಸರಿಗಾಗಿ ಒಂದು ವೆಬ್‌ಸೈಟ್ ಮಾಡುತ್ತಿದ್ದಳು. ಅದಿನ್ನೂ ಅವಳ ಲ್ಯಾಪ್‌ಟಾಪಿನಲ್ಲಿ ಮಾತ್ರ ತೆರೆಯುತ್ತಿತ್ತು. ಮಧ್ಯಾಹ್ನದ ಬಸ್ಸಿಗೆ ಆ ಹೆಂಗಸರು ನೋಡಲು ಬರುವವರಿದ್ದರು. ಹಿಂದೊಮ್ಮೆ ಬಂದಾಗ ಏನೂ ತೋರಿಸಲಾಗದೆ ಟೀ ಕೊಟ್ಟು ಕಳಿಸಿದ್ದಳು. ಈ ಸಲವೂ ಹಾಗೇ ಆದರೆ ಅವರು ಮತ್ತೆ ಬರುವುದಿಲ್ಲವೆಂದು ಅವಳಿಗೆ ಹೆದರಿಕೆ.

ಬೆಳಿಗ್ಗೆಯಿಂದ ಏನು ಮಾಡಿದರೂ ಪರದೆಯ ಮೇಲೆ ಕಂಬಳಿ ಬರಲಿಲ್ಲ. ಕೈ ಪಳಗಲೆಂದು ಮೊದಲು ಮಾಡಿದ್ದ ಪುಟವೇ ಬರುತ್ತಿತ್ತು. ಅದರಲ್ಲಿದ್ದದ್ದು ನನ್ನ ನಿಂಬೆ ಉಪ್ಪಿನಕಾಯಿ ಜಾಡಿ. ನನಗೆ ನಗು.

“ನಗಬ್ಯಾಡಮ್ಮ. ನಿನ್ನ ಜಾಡಿ ಕುಂತ್ಬಿಟ್ಟೈತೆ, ಏಳ್ತಾನೇ ಇಲ್ಲ,” ಎಂದಳು.

ಪುಟಗಳನ್ನು ತೋರಿಸುವುದು ಸರ್ವರ್ ಎಂಬ ಪ್ರೋಗ್ರಾಂ. ಯಾವ ಹೆಸರು ಕೇಳಿದರೆ ಯಾವ ಪುಟ ಕೊಡಬೇಕೆಂದು ಫೈಲುಗಳಲ್ಲಿ ಬರೆದಿಟ್ಟರೆ, ಅದು ಓದಿಕೊಂಡು ನಡೆಯುತ್ತದಂತೆ. ಅದು ಓದುವುದನ್ನೆಲ್ಲ ಅವಳು ಪರದೆಗೆ ಸುರಿಸಿದಳು. ನೋಡಿ ನೋಡಿ ಅವಳ ಕಣ್ಣಲ್ಲಿ ನೀರು.

“ನೀನು ಓದಮ್ಮ, ನಾನು ಕೇಳ್ತೀನಿ.”

ಹಳ್ಳಿಯ ಶಾಲೆಯಲ್ಲಿ ಏಳನೆಯವರೆಗೆ ಕಲಿತವಳು ನಾನು. ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದಬೇಕು. ಬೇರೆ ಯಾರಾದರೂ ಇದ್ದಿದ್ದರೆ ಬಾಯಿಯೇ ಬಿಡುತ್ತಿರಲಿಲ್ಲ. ಬೆರಳಿಟ್ಟು ಓದುತ್ತಾ ಹೋದೆ. ಬಹಳ ಕೆಳಗೆ ಬಂದ ಮೇಲೆ ಒಂದು ಸಾಲು ಆಗಲೇ ಓದಿದ್ದೇನೆ ಅನ್ನಿಸಿತು. ಹೇಳಲೋ ಬೇಡವೋ ಎಂದು ಬೆರಳನ್ನು ಅಲ್ಲೇ ಊರಿದೆ.

“ಯಾಕಮ್ಮ ನಿಲ್ಸಿದೆ?”

“ಏನಿಲ್ಲ... ಈ ಹೆಸರು ಮೇಲೂ ಬಂದಿತ್ತು ಕಣೆ. ಎರಡು ಮಂದೆಗೆ ಒಂದೇ ಕಿವಿಗುರುತು ಹಾಕ್ದಂಗೈತೆ.”

ನನ್ನ ತವರಿನಲ್ಲಿ ಕುರಿಮರಿಗಳ ಕಿವಿಗೆ ನಮ್ಮ ಮನೆಯದೇ ಗುರುತಿನ ಕಚ್ಚು ಹಾಕುತ್ತಿದ್ದರು. ಇನ್ನೊಬ್ಬರ ಮಂದೆಗೂ ಅದೇ ಕಚ್ಚಿದ್ದರೆ, ಮೊದಲು ಬಂದವರು ಕುರಿ ಹೊಡೆದುಕೊಂಡು ಹೋಗುತ್ತಿದ್ದರು.

ನಿಮ್ಮಮ್ಮ ಎದ್ದು ನಿಂತೇಬಿಟ್ಟಳು. ಕಂಬಳಿಗೆ ಹೊಸ ಫೈಲು ಬರೆದವಳು, ಇರಲಿ ಎಂದು ಜಾಡಿಯ ಹಳೆಯದನ್ನೂ ಅದೇ ಫೋಲ್ಡರಿನಲ್ಲಿ ಬಿಟ್ಟಿದ್ದಳು. ಎರಡರಲ್ಲೂ ಒಂದೇ ಹೆಸರು. ಸರ್ವರ್ ಮೊದಲು ಕಂಡ ಹಳೆಯದನ್ನು ಹಿಡಿದು, ಹೊಸದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

“ಹಳೇದು ಬಿಸಾಕಬ್ಯಾಡ, ಪಕ್ಕದಾಗೇ ಇಟ್ಕ ಅಂತ ಕಲಿಸಿದ್ಯಾರು?”

“ನಾನು ಹೇಳಿದ್ದು ಪಾತ್ರೆಗೆ ಕಣೆ!”

ಹಳೆಯ ಫೈಲನ್ನು ಬೇರೆ ಫೋಲ್ಡರಿಗೆ ಹಾಕಿ ಸರ್ವರನ್ನು ಮತ್ತೆ ಶುರು ಮಾಡಿದಳು. ಪರದೆ ತುಂಬ ಕಪ್ಪು ಕಂಬಳಿ. ನಾವಿಬ್ಬರೂ ಕೈ ಹಿಡಿದುಕೊಂಡು ಮಕ್ಕಳಂತೆ ನಕ್ಕೆವು.

ಬಸ್ಸಿಗೆ ಬಂದವರು ಐದು ಜನ. ಅವರಲ್ಲಿ ಹಿರಿಯಳು ಪರದೆಯನ್ನು ಬೆರಳಿನಿಂದ ಸವರಿದಳು.

“ಏನವ್ವ, ಇಷ್ಟು ನುಣ್ಣಗೈತೆ? ನನ್ನ ಕಂಬಳಿ ಚುಚ್ಚಬೇಕಲ್ಲ!”

“ಅತ್ತೆಮ್ಮ, ನೀನೇ ಚುಚ್ತೀಯ, ಸಾಕು,” ಎಂದಳು ಅವಳ ಸೊಸೆ. “ಅಕ್ಕಾರೆ, ನಂದೂ ಹಾಕ್ರಿ.”

ಒಬ್ಬೊಬ್ಬರೂ ತಮ್ಮ ಕಂಬಳಿಯನ್ನು ಚೀಲದಿಂದ ತೆಗೆದು ಹಾಸಿದರು. ತಪ್ಪು ಹಿಡಿದವರು ಇವರೇ ಎಂದು ನಿಮ್ಮಮ್ಮ ನನ್ನನ್ನು ತೋರಿಸಿದಳು. ಯಾವಾಗಲಿನ ಹಾಗೆ ನಾನು ಅಡಿಗೆಮನೆಗೆ ಸರಿಯಲು ಹೊರಟೆ. “ಎಲ್ಲಿಗೋಗ್ತೀರಿ, ಕುಂತ್ಕಳ್ರಿ,” ಎಂದು ಹಿರಿಯಳು ಸೆರಗು ಹಿಡಿದು ಎಳೆದಳು. ಅವಳ ಕಂಬಳಿಯ ಮೇಲೆಯೇ ಕೂತೆ. ನಿಜವಾಗಿಯೂ ಚುಚ್ಚುತ್ತಿತ್ತು.